ಕ್ಲಾಸಿಗೆ ವಾಪಸ್ ಕಳಿಸುವ ಕೆಲಸ

(ಶಿಕ್ಷಕರು, ಪೋಷಕರು, ನರ್ಸಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ನರ್ಸ್ ಆಗಿದ್ದೇನೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಅಲ್ಲಿ ನಿಮಗೇನು ಕೆಲಸ?" ಆಸ್ಪತ್ರೆಯಲ್ಲಿ ಜೊತೆಗೆ ದುಡಿದ ಗೆಳತಿಯರಂತೂ "ಆರಾಮಾಗಿದ್ದೀಯ ಬಿಡು, ನೈಟ್ ಡ್ಯೂಟಿ ಇಲ್ಲ" ಅನ್ನುತ್ತಾರೆ. ನೈಟ್ ಡ್ಯೂಟಿ ಇಲ್ಲ, ನಿಜ. ಆದರೆ ವಾರ್ಡಿನಲ್ಲಿ ನನ್ನ ಪಕ್ಕದಲ್ಲಿ ಇನ್ನೊಬ್ಬ ನರ್ಸ್ ಇರುತ್ತಿದ್ದಳು. ಕರೆದರೆ ಡಾಕ್ಟರ್ ಬರುತ್ತಿದ್ದರು. ಆಕ್ಸಿಜನ್ ಗೋಡೆಯಲ್ಲೇ ಇತ್ತು. ಶಾಲೆಯಲ್ಲಿ ಒಂದು ಕೋಣೆ, ಎರಡು ಮಂಚ, ಒಂದು ಬೀರು, ಮತ್ತೆ ನಾನು. ಕೈಯಲ್ಲಿ ಪರೀಕ್ಷೆಯ ವರದಿ ಇಲ್ಲ, ಎಕ್ಸ್‌ರೇ ಇಲ್ಲ. ಎದುರಿಗೆ ಎಂಟು ವರ್ಷದ ಹುಡುಗನೊಬ್ಬ ಬಂದು ನಿಂತು "ಸಿಸ್ಟರ್, ಒಂಥರಾ ಆಗ್ತಿದೆ" ಅನ್ನುತ್ತಾನೆ. ಅಷ್ಟೇ ಮಾಹಿತಿ. "ಒಂಥರಾ" ಅಂದರೆ ಹಸಿವೂ ಇರಬಹುದು, ಅಪೆಂಡಿಕ್ಸೂ ಇರಬಹುದು, ಗಣಿತದ ಪರೀಕ್ಷೆಯೂ ಇರಬಹುದು.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಧ್ಯದಲ್ಲಿ ಎದ್ದು ಹೋಗುವವರು ಇರುತ್ತಾರೆ. ಹುಷಾರಿಲ್ಲದ ಮಗುವನ್ನು ಮನೆಗೆ ಕಳಿಸುವುದಕ್ಕೆ ನರ್ಸ್ ಬೇಕಾಗಿಲ್ಲ. ಒಂದು ಫೋನ್ ಸಾಕು. ಅದೇ ಮಗುವನ್ನು ಧೈರ್ಯವಾಗಿ ಕ್ಲಾಸಿಗೆ ವಾಪಸ್ ಕಳಿಸಬೇಕಾದರೆ ನರ್ಸ್ ಬೇಕು. ಈ ಕೆಲಸ ಹುಟ್ಟಿಕೊಂಡಿದ್ದೇ ಅದಕ್ಕಾಗಿ.

ಹುಟ್ಟಿದ ಕಥೆಯನ್ನು ಸ್ವಲ್ಪ ಹೇಳಬೇಕು. 1892ರ ಹೊತ್ತಿಗೆ ಲಂಡನ್ನಿನಲ್ಲಿ ಏಮಿ ಹ್ಯೂಸ್ ಎಂಬ ನರ್ಸ್ ಬಡ ಮಕ್ಕಳ ಶಾಲೆಯೊಂದಕ್ಕೆ ಹೋಗಿ ಗಾಯ, ಹುಣ್ಣುಗಳನ್ನು ನೋಡತೊಡಗಿದ್ದರು. ಆದರೆ ಈ ವೃತ್ತಿಗೆ ಒಂದು ಆಕಾರ ಬಂದದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ 1897ರಿಂದಲೇ ಶಾಲೆಗಳಿಗೆ ವೈದ್ಯರು ಬಂದು ಮಕ್ಕಳನ್ನು ತಪಾಸಣೆ ಮಾಡುತ್ತಿದ್ದರು. ಕಣ್ಣು ಕೆಂಪಗಿದೆ, ತಲೆಯಲ್ಲಿ ಹೇನಿದೆ, ಚರ್ಮದ ಮೇಲೆ ಕಜ್ಜಿ ಇದೆ ಎಂದು ಕಂಡರೆ ಕೈಗೆ ಚೀಟಿ ಕೊಟ್ಟು ಮನೆಗೆ ಕಳಿಸುವುದು. ಮುಗಿಯಿತು ಕೆಲಸ. ಆ ಚೀಟಿಯನ್ನು ಮನೆಯಲ್ಲಿ ಓದುವವರಿದ್ದಾರೆಯೇ? ವಲಸೆ ಬಂದ ಕುಟುಂಬಗಳು, ಇಂಗ್ಲಿಷ್ ಗೊತ್ತಿಲ್ಲ. ಓದಿದರೂ ಔಷಧಿ ಯಾರು ಕೊಡಿಸುತ್ತಾರೆ? ಹಚ್ಚುವುದು ಹೇಗೆಂದು ಯಾರು ತೋರಿಸುತ್ತಾರೆ? ಮಗು ಬೀದಿಯಲ್ಲಿ ಆಡಿಕೊಂಡು ಉಳಿಯುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಗೆಳೆಯರ ಜೊತೆ ಸೇರಿ ಅದೇ ಸೋಂಕನ್ನು ಅವರಿಗೂ ದಾಟಿಸುತ್ತಿತ್ತು.

ಆ ಬಡ ಬಡಾವಣೆಗಳಲ್ಲಿ ಮನೆ ಮನೆಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದವರು ಲಿಲಿಯನ್ ವಾಲ್ಡ್. ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಅವರು ನೆನಪಿಸಿಕೊಂಡಿದ್ದಾರೆ. ತಲೆಯ ಚರ್ಮದ ಮೇಲೆ ಇಸಬು. ಶಾಲೆಗೆ ಹೋದಾಗಲೆಲ್ಲ ಟೀಚರ್ ಮನೆಗೆ ಹೋಗು ಅನ್ನುತ್ತಾರೆ. ಹೀಗೇ ಆಗಿ ಆಗಿ ಹುಡುಗನಿಗೆ ಓದಲು ಬಾರದೆ ಹೋಯಿತು. ಅವನನ್ನು ಓದಿನಿಂದ ದೂರವಿಟ್ಟಿದ್ದು, ಕ್ರಮವಾಗಿ ಮುಲಾಮು ಹಚ್ಚಿದರೆ ವಾಸಿಯಾಗುವ ಒಂದು ಚರ್ಮದ ಕಾಯಿಲೆ.

1902ರ ಅಕ್ಟೋಬರ್‌ನಲ್ಲಿ ವಾಲ್ಡ್ ತಮ್ಮ ಸಂಸ್ಥೆಯಿಂದ ಒಬ್ಬ ನರ್ಸನ್ನು ಒಂದು ತಿಂಗಳ ಮಟ್ಟಿಗೆ ನಗರಕ್ಕೆ ಎರವಲು ಕೊಟ್ಟರು. ಆಕೆ ಲೀನಾ ರೋಜರ್ಸ್. ನಾಲ್ಕು ಶಾಲೆ, ಒಬ್ಬ ನರ್ಸ್. ರೋಜರ್ಸ್ ಮಾಡಿದ್ದು ಸರಳವಾದ ಕೆಲಸ: ಚಿಕ್ಕಪುಟ್ಟದ್ದನ್ನು ಶಾಲೆಯಲ್ಲೇ ತೊಳೆದು ಔಷಧಿ ಹಚ್ಚಿ ಕ್ಲಾಸಿಗೆ ಕಳಿಸುವುದು, ಮನೆಗೆ ಕಳಿಸಲೇಬೇಕಾದ ಮಗುವಿನ ಹಿಂದೆಯೇ ಸಂಜೆ ಮನೆಗೆ ಹೋಗಿ ತಾಯಿಗೆ ಕೈಯಾರೆ ಮಾಡಿ ತೋರಿಸುವುದು. ತಿಂಗಳು ಮುಗಿಯುವಷ್ಟರಲ್ಲಿ ಫಲ ಕಣ್ಣಿಗೆ ಕಾಣುವಂತಿತ್ತು. ನಗರವೇ ಇನ್ನಷ್ಟು ನರ್ಸುಗಳನ್ನು ನೇಮಿಸಿಕೊಂಡಿತು. 1902ರ ಸೆಪ್ಟೆಂಬರಿನಲ್ಲಿ ಕಾಯಿಲೆಯ ಕಾರಣಕ್ಕೆ ಶಾಲೆಯಿಂದ ಹೊರಗಿಟ್ಟ ಮಕ್ಕಳು 10,567. ಮರುವರ್ಷದ ಸೆಪ್ಟೆಂಬರಿನಲ್ಲಿ 1,101. ವೈದ್ಯರಿದ್ದರು, ತಪಾಸಣೆಯಿತ್ತು, ನಿಯಮವಿತ್ತು. ಇಲ್ಲದೆ ಇದ್ದದ್ದು ಚೀಟಿ ಕೊಟ್ಟ ಮೇಲೆ ಮುಂದೇನು ಎಂದು ಕೇಳುವ ಒಬ್ಬ ವ್ಯಕ್ತಿ.

ನೂರಿಪ್ಪತ್ತು ವರ್ಷಗಳ ನಂತರವೂ ಲೆಕ್ಕ ಬದಲಾಗಿಲ್ಲ. ಅಮೆರಿಕದ ಶಾಲಾ ಮಕ್ಕಳ ಬಗ್ಗೆ 2008ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ನೋಂದಾಯಿತ ನರ್ಸ್ ನೋಡಿದ ಮಕ್ಕಳಲ್ಲಿ ಶೇ 5ರಷ್ಟು ಮಂದಿಯನ್ನು ಮನೆಗೆ ಕಳಿಸಲಾಗಿತ್ತು. ನರ್ಸಿಂಗ್ ಓದದ ಸಿಬ್ಬಂದಿ ನೋಡಿದವರಲ್ಲಿ ಶೇ 18. ಆ ಸಿಬ್ಬಂದಿಯದು ತಪ್ಪಲ್ಲ. ಗೊತ್ತಿಲ್ಲದಾಗ ಮನೆಗೆ ಕಳಿಸುವುದೇ ಸುರಕ್ಷಿತ ಅನ್ನಿಸುತ್ತದೆ, ಅನ್ನಿಸಬೇಕು ಕೂಡ. ಮಸಾಚುಸೆಟ್ಸ್ ರಾಜ್ಯದ ಶಾಲಾ ನರ್ಸಿಂಗ್ ಯೋಜನೆಯ ಲೆಕ್ಕ ಹಾಕಿ 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಹಾಕಿದ ಪ್ರತಿ ಡಾಲರಿಗೆ ಸಮಾಜಕ್ಕೆ 2.20 ಡಾಲರ್ ಉಳಿತಾಯ ಎಂದು ತೋರಿಸಿತು. ಆ ಉಳಿತಾಯದ ಬಹುಪಾಲು ಎಲ್ಲಿಂದ ಬಂತು ಗೊತ್ತೇ? ತಂದೆ-ತಾಯಿ ಕೆಲಸ ಬಿಟ್ಟು ಓಡಿ ಬರುವುದು ತಪ್ಪಿದ್ದರಿಂದ, ಟೀಚರ್‌ಗಳು ಪಾಠ ನಿಲ್ಲಿಸಿ ಜ್ವರ ನೋಡುವುದು ತಪ್ಪಿದ್ದರಿಂದ.

ಸರಿ, ಈಗ ಕೋಣೆಯೊಳಗೆ ಬನ್ನಿ.

ಉಬ್ಬಸದ ಹುಡುಗ. ಆಟದ ಪೀರಿಯಡ್‌ನಿಂದ ಇಬ್ಬರು ಗೆಳೆಯರು ಕೈ ಹಿಡಿದು ಕರೆತಂದಿದ್ದಾರೆ. ನಾನು ಸ್ಟೆತಸ್ಕೋಪ್ ತೆಗೆಯುವ ಮೊದಲು ಮಾಡುವುದು ಮಾತಾಡಿಸುವುದು: "ಏನಾಯ್ತೋ, ಯಾವ ಆಟ ಆಡ್ತಿದ್ರಿ?" ಅವನು ಪೂರ್ತಿ ವಾಕ್ಯ ಹೇಳುತ್ತಾನಾ, ಎರಡು ಪದಕ್ಕೊಮ್ಮೆ ನಿಲ್ಲುತ್ತಾನಾ? ಅದು ನನ್ನ ಮೊದಲ ಅಳತೆ. ಆಮೇಲೆ ಅಂಗಿಯ ಗುಂಡಿ ಬಿಚ್ಚಿ ಕತ್ತಿನ ಬುಡ ನೋಡುತ್ತೇನೆ. ಉಸಿರು ಎಳೆದಾಗಲೆಲ್ಲ ಅಲ್ಲಿ ಗುಳಿ ಬೀಳುತ್ತಿದೆಯೇ? ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಹೋಗುತ್ತಿದೆಯೇ? ಭುಜ ಮೇಲೇರಿದೆಯೇ? ಕೂರಿಸುತ್ತೇನೆ, ಮಲಗಿಸುವುದಿಲ್ಲ. ಮಲಗಿಸಿದರೆ ಉಸಿರಾಟ ಇನ್ನೂ ಕಷ್ಟ.

ಇನ್ಹೇಲರನ್ನು ಅಲುಗಾಡಿಸಿ, ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಒಂದು ಪಫ್, ನಾಲ್ಕಾರು ಉಸಿರು, ಮತ್ತೆ ಅಲುಗಾಡಿಸಿ ಇನ್ನೊಂದು. ಗಾಬರಿಯಲ್ಲಿ ಜನ ನಾಲ್ಕೈದು ಪಫ್‌ಗಳನ್ನು ಒಟ್ಟಿಗೇ ಒತ್ತಿಬಿಡುತ್ತಾರೆ. ಔಷಧಿ ಸ್ಪೇಸರಿನ ಗೋಡೆಗೆ ಅಂಟಿಕೊಳ್ಳುತ್ತದೆಯೇ ಹೊರತು ಶ್ವಾಸಕೋಶಕ್ಕೆ ಹೋಗುವುದಿಲ್ಲ. ಸ್ಪೇಸರ್ ಇಲ್ಲದೆ ಬಾಯಿಗೆ ನೇರವಾಗಿ ಒತ್ತಿದರೆ ಹೆಚ್ಚಿನದು ಗಂಟಲಿಗೇ.

ಇನ್ನೊಂದು ವಿಷಯವನ್ನು ಟೀಚರ್‌ಗಳು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಸುಂಯ್ ಸುಂಯ್ ಅನ್ನುವ ಶಬ್ದ ನಿಂತುಹೋದರೆ ಹುಡುಗ ಸುಧಾರಿಸಿದ ಅಂತ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅವನು ಮಾತಾಡುತ್ತಿದ್ದು, ಮುಖ ಕಳೆಗಟ್ಟುತ್ತಿದ್ದರೆ ಹೌದು, ಸುಧಾರಿಸಿದ. ಆದರೆ ಸುಸ್ತಾಗಿ, ತೂಕಡಿಸಿ, ತುಟಿ ಬಣ್ಣಗೆಟ್ಟು, ಎದೆ ನಿಶ್ಶಬ್ದವಾದರೆ ಶಬ್ದ ಮಾಡುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲ ಅಂತ ಅರ್ಥ. ಅಷ್ಟು ಹೊತ್ತಿಗೆ ಆಂಬುಲೆನ್ಸ್ ಗೇಟಿನೊಳಗೆ ಇರಬೇಕು. ಒಂದೇ ಮೌನಕ್ಕೆ ಎರಡು ಅರ್ಥ. ಯಾವುದು ಯಾವುದೆಂದು ಗುರುತಿಸುವುದಕ್ಕೇ ನಮಗೆ ವರ್ಷಗಟ್ಟಲೆ ವಾರ್ಡುಗಳಲ್ಲಿ ನಿಲ್ಲಿಸಿ ಕಲಿಸಿದ್ದು.

ಇಲ್ಲಿ ಒಂದು ಸಂಕಟವನ್ನೂ ಹೇಳಿಕೊಳ್ಳಬೇಕು. ನಾನು ಹೊಸದಾಗಿ ಸೇರಿದ್ದ ಒಂದು ಶಾಲೆಯಲ್ಲಿ ಮಕ್ಕಳ ಇನ್ಹೇಲರುಗಳನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. "ಔಷಧಿ ಅಲ್ವಾ ಸಿಸ್ಟರ್, ಸುರಕ್ಷಿತವಾಗಿರಲಿ ಅಂತ." ಒಬ್ಬ ಹುಡುಗಿಗೆ ಅದು ಬೇಕಾದ ದಿನ ಬೀಗದ ಕೈ ಇದ್ದದ್ದು ಬ್ಯಾಂಕಿಗೆ ಹೋಗಿದ್ದ ಗುಮಾಸ್ತರ ಜೇಬಿನಲ್ಲಿ. ಹುಡುಗಿಗೆ ಏನೂ ಆಗಲಿಲ್ಲ. ಆಕೆಯ ಅಕ್ಕ ಮೇಲಿನ ತರಗತಿಯಲ್ಲಿದ್ದಳು, ಅವಳ ಬ್ಯಾಗಿನಲ್ಲಿ ಇನ್ನೊಂದು ಇನ್ಹೇಲರ್ ಇತ್ತು. ಆ ಹನ್ನೊಂದು ನಿಮಿಷ ನನಗೆ ಈಗಲೂ ಮರೆತಿಲ್ಲ. ತಪ್ಪು ಗುಮಾಸ್ತರದ್ದಲ್ಲ, ನನ್ನದು. ಸೇರಿದ ಮೊದಲ ದಿನವೇ ಕೇಳಬೇಕಾದ ಪ್ರಶ್ನೆಯನ್ನು ಮೂರನೇ ವಾರದವರೆಗೂ ನಾನು ಕೇಳಿರಲಿಲ್ಲ. ಉಬ್ಬಸದ ಔಷಧಿಯನ್ನು ಮಗು ತನ್ನ ಹತ್ತಿರವೇ ಇಟ್ಟುಕೊಳ್ಳಬೇಕು. ತೀರಾ ಚಿಕ್ಕ ಮಗುವಾದರೆ ಅದಿರುವ ಕ್ಲಾಸಿನಲ್ಲೇ, ಬೀಗವಿಲ್ಲದ ಜಾಗದಲ್ಲಿ, ದೊಡ್ಡವರ ಕೈಗೆ ಸಿಗುವಂತೆ ಇರಬೇಕು.

ಅಲರ್ಜಿಯ ವಿಷಯದಲ್ಲೂ ಇಷ್ಟೇ ಅವಸರ. ತಿಂದದ್ದೋ ಕಚ್ಚಿದ್ದೋ ಒಗ್ಗದೆ ಮುಖ ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವ ಅನಾಫಿಲ್ಯಾಕ್ಸಿಸ್‌ಗೆ ಮೊದಲ ಮದ್ದು ಅಡ್ರಿನಲಿನ್. ತೊಡೆಯ ಹೊರ ಮಗ್ಗುಲಿಗೆ, ಬಟ್ಟೆಯ ಮೇಲಿಂದಲೇ ಚುಚ್ಚಬಹುದಾದ ಪೆನ್ನುಗಳಿವೆ. ತುರಿಕೆ ಮಾತ್ರೆ ಕೊಟ್ಟು ಕಾಯುವುದು ತಪ್ಪು. ಇನ್ನೊಂದು ತಪ್ಪು, "ಬಾಪ್ಪ, ನಡಿ ಹೊರಗೆ ಗಾಳಿಗೆ" ಅಂತ ಎಬ್ಬಿಸಿ ನಡೆಸುವುದು. ರಕ್ತದೊತ್ತಡ ಬಿದ್ದಿರುವ ಮಗುವನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ವಾಪಸ್ ಬರುವ ರಕ್ತವೇ ನಿಂತುಹೋಗಬಹುದು. ಮಲಗಿಸಿ, ಕಾಲು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾದರೆ ಕೂರಿಸಿ, ಆದರೆ ನಿಲ್ಲಿಸಬೇಡಿ. ಇಂಗ್ಲೆಂಡಿನಲ್ಲಿ 2017ರಿಂದ ಶಾಲೆಗಳೇ ಇಂಥ ಪೆನ್ನುಗಳನ್ನು ಖರೀದಿಸಿ ಹೆಚ್ಚುವರಿಯಾಗಿ ಇಟ್ಟುಕೊಳ್ಳಬಹುದು ಎಂಬ ನಿಯಮ ಬಂತು. ತುರ್ತಿನ ಇನ್ಹೇಲರಿಗೆ ಅಂಥದೇ ಅನುಮತಿ ಅಲ್ಲಿ 2014ರಲ್ಲೇ ಬಂದಿತ್ತು.

ಮಧುಮೇಹದ ಮಕ್ಕಳ ಬಗ್ಗೆ ಒಂದೇ ಒಂದು ಮಾತು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಇನ್ಸುಲಿನ್ ಬಗ್ಗೆ ಹೇಳುವುದಿಲ್ಲ. "ಒಬ್ಬರನ್ನೇ ಕಳಿಸಬೇಡಿ" ಅನ್ನುತ್ತೇನೆ. ಟೈಪ್ 1 ಮಧುಮೇಹಕ್ಕೆ ದಿನವೂ ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿ, ರಕ್ತದ ಸಕ್ಕರೆ ವಿಪರೀತ ಇಳಿದಾಗ, ಕ್ಲಾಸಿನಲ್ಲಿ ಬೆವರುತ್ತಾಳೆ, ಕೈ ನಡುಗುತ್ತದೆ, ಕೇಳಿದ್ದಕ್ಕೆ ಅಸಂಬದ್ಧವಾಗಿ ಉತ್ತರಿಸುತ್ತಾಳೆ, ಕೆಲವೊಮ್ಮೆ ಸಿಡುಕುತ್ತಾಳೆ. ಟೀಚರಿಗೆ ಅದು ಉದ್ಧಟತನವಾಗಿ ಕಾಣಬಹುದು. ಕೊನೆಗೆ "ಹೋಗು, ಸಿಸ್ಟರ್ ಹತ್ತಿರ ಹೋಗು" ಅನ್ನುತ್ತಾರೆ. ಸಕ್ಕರೆ ಇಳಿದಿರುವ ಮಗುವಿಗೆ ದಾರಿ ತಪ್ಪುತ್ತದೆ, ಮೆಟ್ಟಿಲ ಮೇಲೆ ಕುಸಿಯುತ್ತದೆ. ಆಕೆ ಇದ್ದಲ್ಲಿಗೇ ಸಕ್ಕರೆ ಹೋಗಬೇಕೇ ಹೊರತು ಸಕ್ಕರೆ ಇದ್ದಲ್ಲಿಗೆ ಆಕೆ ಹೋಗಬಾರದು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿದ್ದರೆ ಬೇಗ ರಕ್ತಕ್ಕೆ ಸೇರುವ ಸಕ್ಕರೆ, ಗ್ಲೂಕೋಸ್ ಮಾತ್ರೆಯೋ ಹಣ್ಣಿನ ರಸವೋ, ಸುಮಾರು 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡುವುದು ಸಾಮಾನ್ಯ ಕ್ರಮ. ಪುಟ್ಟ ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಪ್ರತಿ ಮಗುವಿನ ಲೆಕ್ಕವೂ ಅದರ ಆರೈಕೆ ಯೋಜನೆಯಲ್ಲಿ ಬರೆದಿರುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಆಗ ಬೇಕಾದದ್ದು ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಮದ್ದು ಮತ್ತು ಆಂಬುಲೆನ್ಸ್.

ಈಗ ನೀವು ಕೇಳಬಹುದು: ಇದನ್ನೆಲ್ಲ ಒಬ್ಬ ಟೀಚರಿಗೆ ಹೇಳಿಕೊಟ್ಟರೆ ಆಯ್ತಲ್ಲ? ಅರ್ಧ ಹೌದು. ಗ್ಲುಕೋಮೀಟರ್ ಬಳಸುವುದನ್ನು, ಇನ್ಹೇಲರ್ ಒತ್ತುವುದನ್ನು, ಅಡ್ರಿನಲಿನ್ ಪೆನ್ ಚುಚ್ಚುವುದನ್ನು ನಾನೇ ಟೀಚರ್‌ಗಳಿಗೆ ಕಲಿಸುತ್ತೇನೆ, ಕಲಿಸಲೇಬೇಕು. ನಾನು ರಜೆ ಹಾಕಿದ ದಿನ ಮಕ್ಕಳು ಕಾಯಿಲೆಗೆ ರಜೆ ಕೊಡುವುದಿಲ್ಲ. ನರ್ಸಿಂಗ್‌ನಲ್ಲಿ ಇದನ್ನು ಕೆಲಸ ವಹಿಸಿಕೊಡುವುದು ಅನ್ನುತ್ತೇವೆ, ಅದಕ್ಕೆ ಐದು ಪ್ರಶ್ನೆಗಳಿವೆ: ಇದು ವಹಿಸಿಕೊಡಬಹುದಾದ ಕೆಲಸವೇ, ಈ ಸಂದರ್ಭದಲ್ಲಿ ಕೊಡಬಹುದೇ, ಈ ವ್ಯಕ್ತಿಗೆ ಕೊಡಬಹುದೇ, ಸರಿಯಾಗಿ ಹೇಳಿಕೊಟ್ಟಿದ್ದೇನೆಯೇ, ಮಾಡುವುದನ್ನು ನೋಡಿ ತಿದ್ದುತ್ತಿದ್ದೇನೆಯೇ. ಕೈಯ ಕೆಲಸವನ್ನು ವಹಿಸಿಕೊಡಬಹುದು. ತೀರ್ಮಾನವನ್ನು ವಹಿಸಿಕೊಡುವಂತಿಲ್ಲ. ಬೆಳಿಗ್ಗೆ ವಾಂತಿ ಮಾಡಿಕೊಂಡ ಮಧುಮೇಹಿ ಮಗುವಿಗೆ ಇವತ್ತು ಇನ್ಸುಲಿನ್ ಎಂದಿನಷ್ಟೇ ಕೊಡಬೇಕೇ ಎಂಬುದು ಸೂಜಿ ಚುಚ್ಚಲು ಬಂದವರಿಗೆಲ್ಲ ಬಿಡಿಸಲಾಗುವ ಪ್ರಶ್ನೆಯಲ್ಲ. ನಾನು ಕೂಡ ಅದನ್ನು ಒಬ್ಬಳೇ ಬಿಡಿಸುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಫೋನ್ ಮಾಡಬೇಕು ಎಂದು ಹೊಳೆಯುವುದಕ್ಕೂ ಓದಿರಬೇಕಾಗುತ್ತದೆ.

ಈ ಮಾತು ಕೋರ್ಟು ಹತ್ತಿದ್ದೂ ಉಂಟು. ಅಮೆರಿಕದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಅಪಘಾತದಿಂದ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡ ಹುಡುಗನೊಬ್ಬ ವೆಂಟಿಲೇಟರ್ ಸಹಾಯದಿಂದ ಶಾಲೆಗೆ ಬರುತ್ತಿದ್ದ. ದಿನವಿಡೀ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಅಷ್ಟು ಖರ್ಚು ತಮ್ಮಿಂದಾಗದು, ಇದು ವೈದ್ಯಕೀಯ ಸೇವೆ, ಶಾಲೆಯ ಹೊಣೆಯಲ್ಲ ಎಂದು ಶಾಲಾ ಆಡಳಿತ ವಾದಿಸಿತು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಹುಡುಗನ ಪರವಾಗಿ ತೀರ್ಪು ಕೊಟ್ಟಿತು. ವೈದ್ಯರೇ ಮಾಡಬೇಕಾದ ಕೆಲಸವಾದರೆ ಬೇರೆ ಮಾತು. ನರ್ಸ್ ಮಾಡಬಹುದಾದದ್ದನ್ನು ಶಾಲೆ ಒದಗಿಸಬೇಕು, ಅದಿಲ್ಲದೆ ಈ ಮಗು ಕ್ಲಾಸಿನಲ್ಲಿ ಕೂರಲಾರದು ಎಂಬುದು ಅದರ ತಿರುಳು. ನೋಡಿ, ಅಲ್ಲೂ ಪ್ರಶ್ನೆ ಅದೇ: ಮಗು ಕ್ಲಾಸಿನಲ್ಲಿ ಕೂರುತ್ತದೋ ಇಲ್ಲವೋ.

ಹೇನಿನ ವಿಷಯಕ್ಕೆ ಎರಡು ನಿಮಿಷ. ನನಗೆ ಬರುವ ಸಿಟ್ಟಿನ ಫೋನುಗಳಲ್ಲಿ ಮುಕ್ಕಾಲು ಪಾಲು ಹೇನಿನದೇ. "ಆ ಹುಡುಗೀನ ಯಾಕೆ ಮನೆಗೆ ಕಳಿಸಿಲ್ಲ?" ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ಕಾಯಿಲೆ ಹರಡುವುದಿಲ್ಲ. ತಲೆಗೆ ತಲೆ ತಾಗಿದರೆ ತೆವಳಿಕೊಂಡು ಹೋಗುತ್ತದೆ. ನಾವು ಕಂಡುಹಿಡಿಯುವ ಹೊತ್ತಿಗೆ ಅದು ವಾರಗಟ್ಟಲೆ ಅಲ್ಲೇ ಇರುತ್ತದೆ. ಇನ್ನು ಮೂರು ಗಂಟೆ ಇದ್ದರೆ ಮುಳುಗುವುದೇನೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ಹೇನಿಗಾಗಿ ಮಗುವನ್ನು ಶಾಲೆಯಿಂದ ಹೊರಗಿಡಬೇಡಿ ಎಂದೇ ಹೇಳುತ್ತದೆ. ಸಂಜೆ ಪೋಷಕರನ್ನು ಮೆಲ್ಲಗೆ ಕರೆದು, ಬಾಚಣಿಗೆ ಹೇಗೆ ಹಿಡಿಯಬೇಕು, ಮದ್ದು ಎಷ್ಟು ದಿನ ಬಿಟ್ಟು ಮತ್ತೆ ಹಚ್ಚಬೇಕು ಎಂದು ತೋರಿಸಿದರೆ ಮುಗಿಯಿತು. ಎಲ್ಲರೆದುರು ತಲೆ ಬಿಡಿಸಿ ನೋಡಿ ಮನೆಗೆ ಅಟ್ಟಿದ ಹುಡುಗಿಗೆ ಹೇನು ಹೋದ ಮೇಲೂ ಆ ಹೆಸರು ಹೋಗುವುದಿಲ್ಲ.

ನನ್ನ ಕೋಣೆಯ ಅತಿ ಮುಖ್ಯ ಉಪಕರಣ ಯಾವುದು ಎಂದು ನರ್ಸಿಂಗ್ ವಿದ್ಯಾರ್ಥಿಗಳು ಕೇಳುತ್ತಾರೆ. ಥರ್ಮಾಮೀಟರ್ ಅಲ್ಲ. ರಿಜಿಸ್ಟರ್. ಹೆಸರು, ತರಗತಿ, ಬಂದ ಸಮಯ, ಮಗು ಹೇಳಿದ್ದು, ನಾನು ಕಂಡದ್ದು, ಮಾಡಿದ್ದು, ಎಲ್ಲಿಗೆ ಕಳಿಸಿದ್ದು. ಬರೆಯುವಾಗ ಬೇಸರವಾಗುತ್ತದೆ. ಆದರೆ ಶುಕ್ರವಾರ ಸಂಜೆ ಹಿಂದಿನ ನಾಲ್ಕು ವಾರಗಳನ್ನು ಒಟ್ಟಿಗೆ ಓದಿದರೆ ಬಿಡಿಬಿಡಿಯಾಗಿ ಕಾಣದ ಒಂದು ಚಿತ್ರ ಮೂಡುತ್ತದೆ.

ಒಮ್ಮೆ ನಾಲ್ಕನೇ ತರಗತಿಯ ಒಬ್ಬ ಹುಡುಗಿ ವಾರಕ್ಕೆ ಎರಡು ಮೂರು ಸಲ ಹೊಟ್ಟೆನೋವೆಂದು ಬರುತ್ತಿದ್ದಳು. ಯಾವಾಗಲೂ ಮಧ್ಯಾಹ್ನದ ಮೇಲೆ. ಜ್ವರವಿಲ್ಲ, ವಾಂತಿಯಿಲ್ಲ, ಮುಟ್ಟಿದರೆ ಎಡಗಡೆ ಸ್ವಲ್ಪ ಗಟ್ಟಿ. ಹತ್ತು ನಿಮಿಷ ಮಲಗಿ ಎದ್ದು ಹೋಗುತ್ತಾಳೆ. ಟೀಚರ್ ಪ್ರಕಾರ "ನಾಟಕ ಸಿಸ್ಟರ್." ನನಗೂ ಹಾಗೇ ಅನ್ನಿಸತೊಡಗಿತ್ತು. ಆ ಶುಕ್ರವಾರ ರಿಜಿಸ್ಟರ್ ತಿರುವಿದರೆ ಅದೇ ತಿಂಗಳು ಮಧ್ಯಾಹ್ನದ ಹೊಟ್ಟೆನೋವು ಇನ್ನೂ ಐದು ಹುಡುಗಿಯರದ್ದು. ಬೇರೆ ಬೇರೆ ತರಗತಿ, ಬೇರೆ ಬೇರೆ ಟೀಚರ್. ಆದರೆ ಎಲ್ಲವೂ ಎರಡನೇ ಮಹಡಿಯ ತರಗತಿಗಳು. ಸೋಮವಾರ ಹತ್ತಿ ಹೋಗಿ ನೋಡಿದೆ. ಆ ಮಹಡಿಯ ಹುಡುಗಿಯರ ಶೌಚಾಲಯದ ಎರಡು ಬಾಗಿಲಿಗೂ ಚಿಲಕ ಇರಲಿಲ್ಲ. ಸ್ಕ್ರೂ ಕಿತ್ತುಬಂದ ತೂತುಗಳಷ್ಟೇ ಇದ್ದವು. ಮಕ್ಕಳು ಬೆಳಗಿನಿಂದ ಸಂಜೆವರೆಗೆ ತಡೆದುಕೊಳ್ಳುತ್ತಿದ್ದರು. ತಡೆದು ತಡೆದು ಮಲಬದ್ಧತೆ, ಅದರಿಂದ ಹೊಟ್ಟೆನೋವು. ಕೆಲವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಡಗಿ ಬಂದು ಅರ್ಧ ಗಂಟೆಯಲ್ಲಿ ಎರಡು ಚಿಲಕ ಹಾಕಿ ಹೋದ. ಎಲ್ಲ ಹೊಟ್ಟೆನೋವೂ ಮಾಯವಾಯಿತು ಎಂದು ನಾನು ಹೇಳುವುದಿಲ್ಲ. ಆ ಮೊದಲ ಹುಡುಗಿ ಸರಿಹೋಗಲು ಔಷಧಿ, ನೀರು, ತಾಯಿಯ ಜೊತೆ ಎರಡು ಮಾತುಕತೆ ಎಲ್ಲ ಬೇಕಾಯಿತು. ಆ ಚಿಲಕಗಳು ಶಾಲೆಯ ಲೆಕ್ಕದಲ್ಲಿ ಕಟ್ಟಡ ದುರಸ್ತಿ ಎಂದು ನಮೂದಾದವು.

ಇದೇ ರಿಜಿಸ್ಟರ್ ಓದುವ ಅಭ್ಯಾಸ ಒಮ್ಮೆ ಇಡೀ ಜಗತ್ತಿಗೆ ಉಪಯೋಗಕ್ಕೆ ಬಂತು. 2009ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಒಂದು ಪ್ರೌಢಶಾಲೆಯಲ್ಲಿ ಒಂದೇ ದಿನ ಮಕ್ಕಳು ಜ್ವರ, ಗಂಟಲು ನೋವು ಎಂದು ಸಾಲುಗಟ್ಟಿ ಬಂದರು. ಅಲ್ಲಿನ ನರ್ಸ್ ಒಬ್ಬೊಬ್ಬರಿಗೆ ಮಾತ್ರೆ ಕೊಟ್ಟು ಸುಮ್ಮನಾಗಲಿಲ್ಲ. ಇಷ್ಟು ಮಕ್ಕಳಿಗೆ ಒಟ್ಟಿಗೆ ಹೀಗಾಗುವುದು ಸಹಜವಲ್ಲ ಎಂದು ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಅದು ಎಚ್1ಎನ್1, ಅಂದರೆ ಹಂದಿಜ್ವರ, ಎಂದು ಗೊತ್ತಾಯಿತು. ಆ ನಗರದಲ್ಲಿ ಅದರ ಹರಡುವಿಕೆ ಮೊದಲು ಕಣ್ಣಿಗೆ ಬಿದ್ದದ್ದೇ ಆ ಶಾಲೆಯಲ್ಲಿ.

ಕೆಲವು ಸಂಗತಿಗಳು ರಿಜಿಸ್ಟರಿಗೆ ಬರುವುದೇ ಇಲ್ಲ, ಟೀಚರ್‌ಗಳ ಕೋಣೆಯ ಹರಟೆಯಲ್ಲಿ ಸಿಗುತ್ತವೆ. "ಆ ಹುಡುಗ ಪೀರಿಯಡ್ಡಿಗೊಂದು ಸಲ ಟಾಯ್ಲೆಟ್ಟಿಗೆ ಹೋಗ್ಬೇಕು ಅಂತಾನೆ, ಬಾಟಲಿ ಬಾಟಲಿ ನೀರು ಕುಡೀತಾನೆ, ಪಾಠ ತಪ್ಪಿಸೋಕೆ." ನರ್ಸ್ ಆದವಳಿಗೆ ಈ ದೂರು ಕೇಳಿದ ಕೂಡಲೇ ಮೈ ನೆಟ್ಟಗಾಗಬೇಕು. ತುಂಬ ನೀರು, ತುಂಬ ಮೂತ್ರ, ಅದರ ಜೊತೆಗೆ ಅಂಗಿ ಸಡಿಲವಾಗುತ್ತಿದ್ದರೆ ಅದು ಇನ್ನೂ ಪತ್ತೆಯಾಗದ ಟೈಪ್ 1 ಮಧುಮೇಹ ಇರಬಹುದು. ಅವತ್ತೇ ಪರೀಕ್ಷೆಯಾಗಬೇಕು, ಮುಂದಿನ ವಾರವಲ್ಲ.

ಕಣ್ಣಿನ ಪರೀಕ್ಷೆಯೂ ಹಾಗೇ. ಮಗು ಎಂದೂ "ಬೋರ್ಡ್ ಮಸುಕಾಗಿ ಕಾಣುತ್ತೆ" ಅನ್ನುವುದಿಲ್ಲ. ಲೋಕ ಎಲ್ಲರಿಗೂ ಅಷ್ಟೇ ಮಸುಕು ಅಂತ ಅದು ತಿಳಿದಿರುತ್ತದೆ. 1862ರಲ್ಲಿ ಸ್ನೆಲೆನ್ ಎಂಬ ಡಚ್ ವೈದ್ಯರು ಮಾಡಿದ ಅಕ್ಷರಗಳ ಪಟ್ಟಿ ಇವತ್ತಿಗೂ ಸಾಕು, ಆದರೆ ಒಂದು ಕಣ್ಣು ಸರಿಯಾಗಿ ಮುಚ್ಚಿರಬೇಕು. ಬೆರಳ ಸಂದಿಯಿಂದ ಇಣುಕಿ ಓದುವುದರಲ್ಲಿ ಮಕ್ಕಳು ನಿಸ್ಸೀಮರು.

ಕೊನೆಯದಾಗಿ, ಕಷ್ಟದ ವಿಷಯ. ಓಡಾಡುವ ಮಕ್ಕಳ ಮೈಮೇಲೆ ಕಂದು ಗಾಯ ಇದ್ದೇ ಇರುತ್ತದೆ: ಮೊಣಕಾಲು, ಮೊಣಕೈ, ಹಣೆ. ಮಕ್ಕಳು ಮುಂದಕ್ಕೆ ಬೀಳುತ್ತಾರೆ. ಕಿವಿಯ ಮೇಲೆ, ಕುತ್ತಿಗೆಯಲ್ಲಿ, ಬೆನ್ನಿನಲ್ಲಿ, ತೊಡೆಯ ಹಿಂಭಾಗದಲ್ಲಿ ಗುರುತು ಕಂಡರೆ ಬಿದ್ದೆ ಎಂಬ ಮಾತನ್ನು ನಾನು ಅಷ್ಟಕ್ಕೇ ಬಿಡುವುದಿಲ್ಲ. ಹಾಗೆಂದು ಪೊಲೀಸರ ಹಾಗೆ ವಿಚಾರಣೆಯನ್ನೂ ಮಾಡುವುದಿಲ್ಲ. "ಇದು ಹೇಗಾಯ್ತು?" ಒಂದೇ ಪ್ರಶ್ನೆ, ಆಮೇಲೆ ಮೌನ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯುತ್ತೇನೆ, ನನ್ನ ಭಾಷೆಗೆ ತಿದ್ದುವುದಿಲ್ಲ. ಆಗಾಗ ಮಗು ಮೊದಲೇ ಒಂದು ಷರತ್ತು ಹಾಕುತ್ತದೆ: "ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಸಿಸ್ಟರ್." ಆ ಪ್ರಾಮಿಸ್ ಮಾಡುವ ಹಾಗಿಲ್ಲ. "ನಿನಗೆ ಅಪಾಯ ಇದ್ರೆ ಸಹಾಯ ಮಾಡೋರಿಗೆ ನಾನು ಹೇಳಲೇಬೇಕು ಪುಟ್ಟಾ, ಆದ್ರೆ ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ." ಇಷ್ಟು ಹೇಳಿದರೆ ಕೆಲವು ಮಕ್ಕಳು ಎದ್ದು ಹೋಗುತ್ತಾರೆ. ಬಹಳಷ್ಟು ಮಂದಿ ಒಂದೆರಡು ದಿನ ಬಿಟ್ಟು ಮತ್ತೆ ಬರುತ್ತಾರೆ. ಹೊಟ್ಟೆನೋವು ಅಂತ.

ಪ್ರಶ್ನೋತ್ತರದಲ್ಲಿ ಒಬ್ಬ ಮೇಷ್ಟ್ರು ಎದ್ದು ನಿಂತು ಕೇಳಿದರು: "ಮೇಡಂ, ನೀವು ಹೇಳಿದ್ದೆಲ್ಲ ಸರಿ. ನಮ್ಮ ಶಾಲೆಯಲ್ಲಿ ನರ್ಸ್ ಇಲ್ಲ. ಸದ್ಯಕ್ಕೆ ಬರೋ ಹಾಗೂ ಇಲ್ಲ. ನಾಳೆ ಬೆಳಿಗ್ಗೆ ನಾವೇನು ಮಾಡ್ಬೇಕು?"

ನ್ಯಾಯವಾದ ಪ್ರಶ್ನೆ. ನಾನು ಕೊಟ್ಟ ಉತ್ತರ ಇದು. ನರ್ಸ್ ಬೇಕೆಂದು ಕೇಳುವುದನ್ನು ನಿಲ್ಲಿಸಬೇಡಿ ಸಾರ್. ಅರ್ಜಿಗೆ ಹಾಜರಿ ಪುಸ್ತಕವನ್ನು ಲಗತ್ತಿಸಿ, ಕಾಯಿಲೆಯಿಂದ ತಪ್ಪಿದ ದಿನಗಳನ್ನು ಎಣಿಸಿ ತೋರಿಸಿ. ಅಲ್ಲಿಯವರೆಗೆ, ಉಬ್ಬಸ, ಮಧುಮೇಹ, ಫಿಟ್ಸ್, ಅಲರ್ಜಿ ಇರುವ ಮಕ್ಕಳು ಯಾರೆಂದು ಮನೆಯವರನ್ನು ಕೇಳಿ ಒಂದು ಪಟ್ಟಿ ಮಾಡಿ. ಅವರ ಡಾಕ್ಟರ ಕೈಯಲ್ಲಿ ತುರ್ತಿನಲ್ಲಿ ಏನು ಮಾಡಬೇಕೆಂದು ಒಂದು ಹಾಳೆ ಬರೆಸಿಕೊಳ್ಳಿ. ಅದನ್ನು ಇಬ್ಬರು ಟೀಚರ್ ಓದಿರಲಿ, ಒಬ್ಬರಲ್ಲ. ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ, ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಹುಷಾರಿಲ್ಲದ ಮಗುವನ್ನು ಎಲ್ಲಿಗೇ ಕಳಿಸಿದರೂ ಜೊತೆಗೆ ಇನ್ನೊಬ್ಬರನ್ನು ಕಳಿಸಿ.

ಮೇಷ್ಟ್ರು ಬರೆದುಕೊಂಡರು. ಆಮೇಲೆ ತಲೆಯೆತ್ತಿ, "ಬೀಗದ ಕೈ?" ಅಂದರು.

ಬೀಗವನ್ನೇ ತೆಗೆದುಬಿಡಿ ಸಾರ್, ಅಂದೆ.